ಸೇತುವೆ ಹತ್ತುವ ಮೊದಲೇ ನಾಲಿಗೆಯಡಿಗೆ

ಮುಂಬಯಿಯಲ್ಲಿ ಲೋಕಲ್ ರೈಲು ಹಿಡಿಯುವವರಿಗೆ ಮೆಟ್ಟಿಲು ತಪ್ಪಿದ್ದಲ್ಲ. ಡೊಂಬಿವಲಿ, ಠಾಣೆ, ಕುರ್ಲಾ, ದಾದರ್, ಎಲ್ಲಿ ಇಳಿದರೂ ಒಂದು ಸೇತುವೆ ಹತ್ತಿ ಇಳಿಯಬೇಕು. ಹಿಂದಿನಿಂದ ಜನ ನೂಕುತ್ತಿರುತ್ತಾರೆ, ನಡುವೆ ನಿಲ್ಲುವ ಹಾಗಿಲ್ಲ. ಎಸ್ಕಲೇಟರ್ ಇದ್ದರೂ ಅದು ಕೆಟ್ಟು ನಿಂತ ದಿನವೇ ನಮ್ಮ ಗಾಡಿ ತಡವಾಗಿರುತ್ತದೆ. ಹೃದಯದ ರಕ್ತನಾಳ ಸಪೂರವಾದವರಿಗೆ ಈ ಸೇತುವೆಯೇ ಪರೀಕ್ಷಾ ಕೇಂದ್ರ. ಆಸ್ಪತ್ರೆಯ ಟ್ರೆಡ್‌ಮಿಲ್ ಹೇಳುವ ಮೊದಲೇ ಅರ್ಧ ಮೆಟ್ಟಿಲಲ್ಲಿ ಎದೆ ಬಿಗಿದು ಹೇಳಿಬಿಟ್ಟಿರುತ್ತದೆ.

ಕುಂದಾಪುರದ ಕಡೆಯಿಂದ ಬಂದು ಡೊಂಬಿವಲಿಯಲ್ಲಿ ಔಷಧ ಅಂಗಡಿ ಇಟ್ಟು ನನಗೆ 22 ವರ್ಷವಾಯಿತು. ಗಿರಾಕಿಗಳಲ್ಲಿ ಅರ್ಧದಷ್ಟು ಜನ ನಮ್ಮವರೇ. ಹೋಟೆಲಿನಲ್ಲಿ ದುಡಿದು ನಿವೃತ್ತರಾದವರು, ಬ್ಯಾಂಕಿನವರು, ಮಗನ ಮನೆಗೆ ಬಂದು ನಿಂತ ತಂದೆ ತಾಯಿಯರು. ಅವರಲ್ಲಿ ಹಲವರ ಅಂಗಿ ಜೇಬಿನಲ್ಲಿ ಒಂದು ಸಣ್ಣ ಮಾತ್ರೆ ಇರುತ್ತದೆ. ಕಂಪೆನಿ ಯಾವುದೇ ಇರಲಿ, ಎಲ್ಲರ ಬಾಯಲ್ಲೂ ಅದು 'ಸಾರ್ಬಿಟ್ರೇಟ್' ಅಥವಾ 'ನಾಲಿಗೆಯಡಿಯ ಮಾತ್ರೆ'. ಜೇಬಿನಲ್ಲಿ ಅದು ಇದೆ ಎನ್ನುವುದೇ ಅವರಿಗೆ ದೊಡ್ಡ ಧೈರ್ಯ. ಯಾವಾಗ ಹಾಕಬೇಕು, ಯಾವಾಗ ಹಾಕಬಾರದು ಎಂದು ಕೇಳಿದರೆ ಮಾತ್ರ ಹತ್ತರಲ್ಲಿ ಎಂಟು ಮಂದಿಯ ಉತ್ತರ ಒಂದೇ: "ನೋವು ಬಂದ್ರೆ ಹಾಕುದು ಮಾರಾಯಾ, ಮತ್ತೆಂತ?"

ಅದು ಅರ್ಧ ಉತ್ತರ. ನೋವು ಬಂದ ಮೇಲೆ ಹಾಕುವಷ್ಟೇ ಮುಖ್ಯ ನೋವು ಬಾರದ ಹಾಗೆ ಮೊದಲೇ ಹಾಕುವುದು. ನೈಟ್ರೇಟ್ ಎಂಬ ಈ ಜಾತಿಯ ಔಷಧ ಪೂರ್ತಿ ಗಡಿಯಾರದ ಮೇಲೆ ನಿಂತಿದೆ. ಹೊತ್ತು ಸರಿಯಾದರೆ ಬಹಳ ಉಪಕಾರಿ. ಹೊತ್ತು ತಪ್ಪಿದರೆ ಒಂದೋ ನಾಟುವುದಿಲ್ಲ, ಇಲ್ಲವೇ ತಲೆತಿರುಗಿ ಬೀಳಿಸುತ್ತದೆ.

ಇದು ಒಳಗೆ ಮಾಡುವ ಕೆಲಸವನ್ನು ನಾನು ಕೌಂಟರಿನಲ್ಲಿ ಹೀಗೆ ವಿವರಿಸುತ್ತೇನೆ. ನೈಟ್ರೇಟ್ ಮೈಗೆ ಸೇರಿದರೆ ರಕ್ತನಾಳದ ಗೋಡೆಯಲ್ಲಿ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಅದು ಗೋಡೆಯ ಸ್ನಾಯುವನ್ನು ಸಡಿಲಿಸುತ್ತದೆ. ಮುಖ್ಯವಾಗಿ ಕಾಲು ಹೊಟ್ಟೆಗಳ ಕಡೆಯ ಅಭಿಧಮನಿಗಳು ಹಿಗ್ಗಿ, ಹೃದಯಕ್ಕೆ ವಾಪಸು ಬರುವ ರಕ್ತ ಕಡಿಮೆಯಾಗುತ್ತದೆ, ಹೊತ್ತ ಭಾರ ಇಳಿದ ಹಾಗೆ. ಹೃದಯದ ಸ್ವಂತ ನಾಳಗಳೂ ಸ್ವಲ್ಪ ತೆರೆಯುತ್ತವೆ. ಭಾರ ಇಳಿದ ಹೃದಯಕ್ಕೆ ಆಮ್ಲಜನಕ ಕಡಿಮೆ ಸಾಕು, ಹಾಗಾಗಿ ನೋವು ಬಿಡುತ್ತದೆ. ಆದರೆ ಇದು ಬ್ಲಾಕ್ ಕರಗಿಸುವುದಿಲ್ಲ, ಕೊಲೆಸ್ಟ್ರಾಲ್ ಇಳಿಸುವುದಿಲ್ಲ. "ಇದು ಒಳ್ಳೆ ಹಿಡೀತದೆ, ಬಾಕಿದ್ದು ಬಿಟ್ಟೆ" ಎಂದು ಆಸ್ಪಿರಿನ್ನನ್ನೂ ಸ್ಟ್ಯಾಟಿನ್ನನ್ನೂ ಬಿಟ್ಟವರನ್ನು ಕಂಡಿದ್ದೇನೆ. ಹೃದಯಾಘಾತದಿಂದ ಕಾಯುವ ಕೆಲಸ ಆ 'ಬಾಕಿ'ಯವುಗಳದು.

ಈಗ ಸೇತುವೆಯ ವಿಷಯ. ಸ್ಥಿರ ಆಂಜೈನಾ ಇರುವವರಿಗೆ ನೋವು ಎಲ್ಲಿ ಬರುತ್ತದೆ ಎಂದು ಅವರಿಗೇ ಗೊತ್ತಿರುತ್ತದೆ: ಇಂಥ ಏರಿನಲ್ಲಿ, ಇಷ್ಟು ಚೀಲ ಹಿಡಿದರೆ, ಊಟವಾದ ಕೂಡಲೇ ನಡೆದರೆ. ನಿಂತರೆ ಕೆಲವೇ ನಿಮಿಷದಲ್ಲಿ ಬಿಡುತ್ತದೆ. ಅಂಥವರಿಗೆ ಹಲವು ವೈದ್ಯರು ಮೊದಲೇ ಹೇಳಿರುತ್ತಾರೆ, ಆ ಕೆಲಸಕ್ಕೆ ಕೈಹಾಕುವ ಮೊದಲು ಮಾತ್ರೆ ನಾಲಿಗೆಯಡಿಗೆ ಇಡಿ ಎಂದು. ನೈಟ್ರೋಗ್ಲಿಸರಿನ್ ಆದರೆ 5ರಿಂದ 10 ನಿಮಿಷ ಮೊದಲು. ಅದು ಒಂದೆರಡು ನಿಮಿಷದಲ್ಲಿ ಹಿಡಿದು ಸುಮಾರು ಅರ್ಧ ಗಂಟೆ ನಿಲ್ಲುತ್ತದೆ. ನಮ್ಮಲ್ಲಿ ಹೆಚ್ಚು ಓಡುವ ಐಸೋಸಾರ್ಬೈಡ್ ಡೈನೈಟ್ರೇಟ್ ಸ್ವಲ್ಪ ನಿಧಾನ. ಅದನ್ನು ಸುಮಾರು 15 ನಿಮಿಷ ಮೊದಲು ಇಡಬೇಕು, ಒಂದೆರಡು ಗಂಟೆ ಕೆಲಸ ಮಾಡುತ್ತದೆ. ಅಂದರೆ ದಾದರ್‌ನಲ್ಲಿ ಸೇತುವೆ ಹತ್ತಬೇಕಾದವರು ಕುರ್ಲಾ ದಾಟುವ ಹೊತ್ತಿಗೆ, ಸೀಟಿನಲ್ಲಿ ಕೂತಿರುವಾಗಲೇ ಇಡಬೇಕು. ಪ್ಲಾಟ್‌ಫಾರ್ಮಿನಲ್ಲಿ ನಿಂತು ಇಟ್ಟು, ಇಟ್ಟ ಕೂಡಲೇ ಓಡುವುದಲ್ಲ.

ಸೀಟು ಸಿಕ್ಕಿರಬೇಕು ಎನ್ನುವುದು ತಮಾಷೆಯ ಮಾತಲ್ಲ. ಮಾತ್ರೆ ಇಟ್ಟಾಗ ರಕ್ತದೊತ್ತಡ ಇಳಿಯುತ್ತದೆ. ನಿಂತಿದ್ದರೆ ರಕ್ತ ಕಾಲಿನಲ್ಲೇ ಉಳಿದು ಕಣ್ಣು ಕತ್ತಲೆ ಬರಬಹುದು. ಕೂತು ಇಡಬೇಕು, ಎದ್ದೇಳುವಾಗ ನಿಧಾನವಾಗಿ ಏಳಬೇಕು. ತಲೆ ತಿರುಗಿದರೆ ಮಲಗಿ ಕಾಲು ಎತ್ತರದಲ್ಲಿ ಇಡಬೇಕು. ನಾಲಿಗೆಯಡಿಯ ಮಾತ್ರೆಯನ್ನು ನೀರು ಕುಡಿದು ನುಂಗಿಬಿಟ್ಟರೆ ಅದು ಹೊಟ್ಟೆಯಿಂದ ಯಕೃತ್ತಿಗೆ ಹೋಗಿ ಹೆಚ್ಚಿನ ಪಾಲು ಅಲ್ಲೇ ಖರ್ಚಾಗುತ್ತದೆ, ಬೇಕಾದ ಹೊತ್ತಿಗೆ ಸಿಗುವುದಿಲ್ಲ. ಬಾಯಿ ಒಣಗಿದ್ದರೆ ಮೊದಲು ಒಂದು ಗುಟುಕು ನೀರು ಕುಡಿದು ಆಮೇಲೆ ಇಟ್ಟುಕೊಳ್ಳಬೇಕು.

ನನ್ನ ಗಿರಾಕಿಯೊಬ್ಬರು ವಾರಕ್ಕೆರಡು ಸಲ ಮಾಟುಂಗಕ್ಕೆ ಹೋಗುತ್ತಾರೆ. ಅಲ್ಲಿ ದೇವಸ್ಥಾನ, ಹಳೆಯ ಸ್ನೇಹಿತರು, ಒಂದು ಕಾಫಿ. ನೋವಿನ ಹೆದರಿಕೆಯಲ್ಲಿ ಎಂಟು ತಿಂಗಳು ಮನೆಯಲ್ಲೇ ಕೂತಿದ್ದರು. ವೈದ್ಯರ ಚೀಟಿಯಲ್ಲಿ 'ಶ್ರಮಕ್ಕೆ ಮೊದಲು' ಎಂದು ಇಂಗ್ಲಿಷಿನಲ್ಲಿ ಗೀಚಿದ್ದನ್ನು ಮನೆಯಲ್ಲಿ ಯಾರೂ ಓದಿರಲಿಲ್ಲ. ಓದಿ ಹೇಳಿದಾಗ ಅವರು ಕೇಳಿದ್ದು ಒಂದೇ: "ನೋವಿಲ್ಲದೆ ಮದ್ದು ತಿಂದ್ರೆ ಅಭ್ಯಾಸ ಆಗುದಿಲ್ವಾ?" ಬಹಳ ಜನರ ಮನಸ್ಸಿನಲ್ಲಿರುವ ಪ್ರಶ್ನೆ ಅದು. ಆಗಾಗ ಹೊರಗೆ ಹೊರಡುವ ಮೊದಲು ಇಡುವ ಒಂದು ಮಾತ್ರೆಯಿಂದ ಚಟ ಹತ್ತುವುದಿಲ್ಲ. ಈಗ ಅವರು ಮತ್ತೆ ಮಾಟುಂಗಕ್ಕೆ ಹೋಗುತ್ತಾರೆ.

ಆದರೆ ಮೈ ಈ ಔಷಧಕ್ಕೆ ಒಗ್ಗಿಹೋಗುತ್ತದೆ ಎನ್ನುವ ಮಾತಿನಲ್ಲಿ ಬೇರೊಂದು ಸತ್ಯ ಇದೆ. ಅದನ್ನು ಮೊದಲು ಕಂಡುಕೊಂಡವರು ಡೈನಮೈಟ್ ಕಾರ್ಖಾನೆಯ ಕೂಲಿಗಳು. ನೈಟ್ರೋಗ್ಲಿಸರಿನ್ನನ್ನು 1847ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ತಯಾರಿಸಿದವರು ಅಸ್ಕಾನಿಯೋ ಸೊಬ್ರೇರೊ. ಒಂದು ಚೂರು ನಾಲಿಗೆಗೆ ತಾಗಿದರೂ ತಲೆ ಸಿಡಿಯುತ್ತದೆ ಎಂದು ಅವರೇ ದಾಖಲಿಸಿದ್ದರು. ಆಲ್ಫ್ರೆಡ್ ನೊಬೆಲ್ 1867ರಲ್ಲಿ ಅದರಿಂದಲೇ ಡೈನಮೈಟ್ ಮಾಡಿದರು. ಕಾರ್ಖಾನೆಯಲ್ಲಿ ಅದರ ಹಬೆಯ ನಡುವೆ ದುಡಿದವರಿಗೆ ಸೋಮವಾರ ವಿಪರೀತ ತಲೆನೋವು. ವಾರ ಕಳೆದ ಹಾಗೆ ಮೈ ಒಗ್ಗಿ ನೋವು ಮಾಯ. ಭಾನುವಾರ ರಜೆ, ಮೈ ಮರೆಯಿತು. ಸೋಮವಾರ ಮತ್ತೆ ತಲೆನೋವು. ಕೆಲವರಿಗಂತೂ ಹಬೆ ಸಿಗದ ರಜೆಯ ದಿನವೇ ಎದೆನೋವು ಬಂತು. ಲಂಡನ್ನಿನ ವೈದ್ಯ ವಿಲಿಯಂ ಮರೆಲ್ 1879ರಲ್ಲಿ ಇದನ್ನೇ ಆಂಜೈನಾದ ಔಷಧವಾಗಿ ಪ್ರಕಟಿಸಿದರು. ಕೊನೆಗಾಲದಲ್ಲಿ ಸ್ವತಃ ನೊಬೆಲ್‌ಗೆ ವೈದ್ಯರು ಬರೆದುಕೊಟ್ಟದ್ದು ನೈಟ್ರೋಗ್ಲಿಸರಿನ್ನನ್ನೇ.

ಈ ಸೋಮವಾರದ ಪಾಠ ನಮ್ಮ ಔಷಧದ ಚೀಟಿಯಲ್ಲಿ ಹೇಗೆ ಕೂತಿದೆ ನೋಡಿ. ದಿನವೂ ನುಂಗುವ ನೈಟ್ರೇಟ್ ಮಾತ್ರೆಗಳಿವೆಯಲ್ಲ, ಐಸೋಸಾರ್ಬೈಡ್ ಮಾನೋನೈಟ್ರೇಟ್ ಮುಂತಾದವು, ಅವು ನೋವು ಬಾರದಂತೆ ತಡೆಯಲು ಕೊಡುವಂಥವು. ಇವನ್ನು 24 ಗಂಟೆಯೂ ಮೈಯಲ್ಲಿ ಇರುವಂತೆ ತೆಗೆದುಕೊಂಡರೆ ಒಂದೆರಡು ದಿನದಲ್ಲೇ ಮೈ ಒಗ್ಗಿಕೊಂಡು ಔಷಧ ನಾಟುವುದು ಕಡಿಮೆಯಾಗುತ್ತದೆ. ಅದಕ್ಕೆ ದಿನಕ್ಕೆ 10ರಿಂದ 14 ಗಂಟೆ ಮೈಯನ್ನು ನೈಟ್ರೇಟ್ ಇಲ್ಲದೆ ಬಿಡಬೇಕು. ಹೆಚ್ಚಿನವರಿಗೆ ನೋವು ಹಗಲಿನಲ್ಲಿ ಓಡಾಡುವಾಗ ಬರುವುದರಿಂದ ರಾತ್ರಿಯನ್ನು ಖಾಲಿ ಬಿಡುತ್ತಾರೆ. ಸಾದಾ ಮಾನೋನೈಟ್ರೇಟ್ ಆದರೆ ಎರಡು ಹೊತ್ತಿನ ನಡುವೆ 7 ಗಂಟೆ: ಬೆಳಿಗ್ಗೆ 8ಕ್ಕೆ ಒಂದು, ಮಧ್ಯಾಹ್ನ 3ಕ್ಕೆ ಒಂದು. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ ಆದರೆ ಬೆಳಿಗ್ಗೆ ಒಂದೇ, ಅದನ್ನು ಜಗಿಯಬಾರದು, ಪುಡಿ ಮಾಡಬಾರದು. ಚರ್ಮಕ್ಕೆ ಅಂಟಿಸುವ ಪಟ್ಟಿಯನ್ನು ಬೆಳಿಗ್ಗೆ ಹಚ್ಚಿ ರಾತ್ರಿ ತೆಗೆಯಬೇಕು. ರಾತ್ರಿಯೇ ನೋವು ಬರುವವರಿಗೆ ವೈದ್ಯರು ಲೆಕ್ಕವನ್ನು ತಿರುಗಿಸಿ ಕೊಡುತ್ತಾರೆ.

ಚೀಟಿಯ ಮೇಲೆ ಇದು 1-1-0 ಎಂದು ಇರುತ್ತದೆ. ಮನೆಗೆ ಹೋದ ಮೇಲೆ 1-0-1 ಆಗುತ್ತದೆ. ಯಾಕೆಂದರೆ ಬಿ.ಪಿ. ಮಾತ್ರೆ, ಸಕ್ಕರೆ ಮಾತ್ರೆ ಎಲ್ಲ ಬೆಳಿಗ್ಗೆ-ರಾತ್ರಿ. ಮಧ್ಯಾಹ್ನ 3 ಅಂದರೆ ನಮ್ಮ ಹಿರಿಯರಿಗೆ ನಿದ್ದೆಯ ಹೊತ್ತು. ಫೋರ್ಟ್ ಕಡೆಯ ಹೋಟೆಲೊಂದರಲ್ಲಿ ಗಲ್ಲಾದಲ್ಲಿ ಕೂತು ನಿವೃತ್ತರಾದ ಮಾಮ ಒಬ್ಬರು ಒಂದು ದಿನ ಬಂದು ನನ್ನ ಮೇಲೇ ಹಾರಿದರು, "ನಿನ್ನ ಮಾತ್ರೆ ಡುಪ್ಲಿಕೇಟ್ ಮಾರಾಯಾ! ಮೊದಲು ಮೂರು ಮಾಳಿಗೆ ಹತ್ತುತ್ತಿದ್ದೆ, ಈಗ ಒಂದಕ್ಕೇ ಎದೆ ಹಿಡೀತದೆ." ಹೇಗೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದೆ. ಬೆಳಿಗ್ಗೆ 9, ರಾತ್ರಿ 9. ನೋವು ಹೆಚ್ಚಾಗಿದೆ ಎಂದಮೇಲೆ ಅದನ್ನು ಅಂಗಡಿಯಲ್ಲಿ ತೀರ್ಮಾನಿಸುವಂತಿಲ್ಲ. ಅದೇ ದಿನ ವೈದ್ಯರಲ್ಲಿಗೆ ಕಳಿಸಿದೆ, ಈ ಹೊತ್ತಿನ ವಿಷಯವನ್ನೂ ಚೀಟಿಯ ಹಿಂದೆ ಬರೆದು ಕೊಟ್ಟೆ. ಅವರು ಇ.ಸಿ.ಜಿ. ನೋಡಿ, ಮಾತ್ರೆ ಅದೇ ಇರಲಿ, ಹೊತ್ತು ಮಾತ್ರ 8 ಮತ್ತು 3 ಎಂದರಂತೆ. ಈಗ ಮೊಮ್ಮಗಳು ಮಾಮನ ಮೊಬೈಲಿನಲ್ಲಿ 3 ಗಂಟೆಗೆ ಚಂಡೆ ಪೆಟ್ಟಿನ ಅಲಾರಂ ಇಟ್ಟಿದ್ದಾಳೆ. ಡುಪ್ಲಿಕೇಟ್ ಮಾತು ಮತ್ತೆ ಕೇಳಿಬರಲಿಲ್ಲ.

ಇದಕ್ಕೆ ಸೇರಿಸಿ ಇನ್ನೊಂದು ಹೇಳಬೇಕು. ದಿನವೂ ತೆಗೆದುಕೊಳ್ಳುವ ನೈಟ್ರೇಟನ್ನು ಒಮ್ಮೆಗೇ ಬಿಡಬಾರದು. ಡೈನಮೈಟ್ ಕೂಲಿಗಳಿಗೆ ರಜೆಯಲ್ಲಿ ಎದೆನೋವು ಬಂದದ್ದು ಇದೇ ಕಾರಣಕ್ಕೆ. ತಲೆನೋವಿಗೆ ಹೆದರಿ ಬಿಡುವವರು ಬಹಳ. ಆ ತಲೆನೋವು ಮೆದುಳಿನ ರೋಗವಲ್ಲ, ತಲೆಯ ರಕ್ತನಾಳವೂ ಹಿಗ್ಗಿದ್ದರ ಗುರುತು. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಗ್ಗುತ್ತದೆ, ಅಲ್ಲಿಯವರೆಗೆ ಪ್ಯಾರಾಸಿಟಮಾಲ್ ಸಾಕಾಗುತ್ತದೆ. ತಡೆಯಲಾಗದಿದ್ದರೆ ವೈದ್ಯರು ಪ್ರಮಾಣ ಇಳಿಸುತ್ತಾರೆ, ಇಲ್ಲವೇ ಬೇರೆ ಔಷಧ ಕೊಡುತ್ತಾರೆ.

ಇನ್ನು ನಮ್ಮವರು ಯಾರೂ ಬಾಯಿಬಿಟ್ಟು ಕೇಳದ ಸಂಗತಿ. ಅಂಗಡಿ ಮುಚ್ಚುವ ಹೊತ್ತು, ಬೇರೆ ಗಿರಾಕಿ ಇಲ್ಲ ಎಂದು ನೋಡಿಕೊಂಡು, ಐವತ್ತು ಅರವತ್ತರ ಗಂಡಸರು ಮೆಲ್ಲನೆ ಕೌಂಟರಿಗೆ ಬಗ್ಗುತ್ತಾರೆ. ಬೇಕಾದ್ದು ಸಿಲ್ಡೆನಾಫಿಲ್, ಅಂದರೆ ಎಲ್ಲರಿಗೂ ಗೊತ್ತಿರುವ ವಯಾಗ್ರ ಜಾತಿಯದ್ದು. ವೈದ್ಯರ ಚೀಟಿ ಇರುವುದಿಲ್ಲ. ಚೀಟಿ ಇಲ್ಲದೆ ನಾನು ಕೊಡುವುದಿಲ್ಲ. ಆದರೂ ಕೇಳುತ್ತೇನೆ: "ಅಣ್ಣಾ, ಹೃದಯಕ್ಕೆ ಯಾವುದಾದರೂ ಮಾತ್ರೆ ಉಂಟಾ?" ಕೆಲವರು ಸಿಟ್ಟಾಗುತ್ತಾರೆ. ಒಬ್ಬರು "ಅದಕ್ಕೂ ಇದಕ್ಕೂ ಎಂತ ಸಂಬಂಧ?" ಎಂದು ಕೇಳಿ, ತನ್ನ ಅಂಗಿ ಜೇಬು ಮುಟ್ಟಿಕೊಂಡರು. ಜೇಬಿನಲ್ಲಿ ಸಾರ್ಬಿಟ್ರೇಟ್ ಇತ್ತು.

ಸಂಬಂಧ ಹತ್ತಿರದ್ದೇ. ಸಿಲ್ಡೆನಾಫಿಲನ್ನು ಮೊದಮೊದಲು ಪರೀಕ್ಷಿಸಿದ್ದೇ ಆಂಜೈನಾದ ಔಷಧವಾಗಿ. ಬೇರೆಯದೇ ಪರಿಣಾಮ ಕಂಡುಬಂದು 1998ರಲ್ಲಿ ಅಮೆರಿಕದಲ್ಲಿ ಬೇರೆ ಕಾರಣಕ್ಕೆ ಒಪ್ಪಿಗೆ ಪಡೆಯಿತು. ಅದೇ ವರ್ಷ ನೈಟ್ರಿಕ್ ಆಕ್ಸೈಡ್‌ನ ಕೆಲಸ ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಮೂವರಿಗೆ ನೊಬೆಲ್ ಬಹುಮಾನ ಬಂತು. ನೈಟ್ರೇಟ್ ರಕ್ತನಾಳದಲ್ಲಿ ಸಡಿಲಿಸುವ ಸಂಕೇತವನ್ನು ಹೆಚ್ಚಿಸುತ್ತದೆ. ಸಿಲ್ಡೆನಾಫಿಲ್ ಆ ಸಂಕೇತ ಅಳಿಯದಂತೆ ತಡೆಯುತ್ತದೆ. ಒಂದು ನಲ್ಲಿ ತಿರುಗಿಸಿದ ಹಾಗೆ, ಇನ್ನೊಂದು ಅದನ್ನು ಮುಚ್ಚಲು ಬಿಡದ ಹಾಗೆ. ಎರಡೂ ಸೇರಿದರೆ ರಕ್ತದೊತ್ತಡ ಪಾತಾಳಕ್ಕೆ ಇಳಿದು ಪ್ರಾಣವೇ ಹೋಗಬಹುದು. ಸಿಲ್ಡೆನಾಫಿಲ್ ತೆಗೆದುಕೊಂಡ ಮೇಲೆ 24 ಗಂಟೆ, ಟಡಾಲಾಫಿಲ್ ಆದರೆ 48 ಗಂಟೆ ಯಾವ ನೈಟ್ರೇಟನ್ನೂ ಮುಟ್ಟಬಾರದು. ದಿನವೂ ನೈಟ್ರೇಟ್ ನುಂಗುವವರಿಗೆ ಇವೆರಡೂ ನಿಷಿದ್ಧ.

ಇದು ಬರೀ ಆ ಒಂದು ಕಾರಣದ ಔಷಧವಲ್ಲ ಎನ್ನುವುದನ್ನೂ ತಿಳಿದಿರಬೇಕು. ಪ್ರೋಸ್ಟೇಟ್ ತೊಂದರೆಗೆ ಟಡಾಲಾಫಿಲ್ ಕೊಡುತ್ತಾರೆ. ಶ್ವಾಸಕೋಶದ ರಕ್ತದೊತ್ತಡ ಹೆಚ್ಚಿದ ಹೆಂಗಸರಿಗೂ ಸಿಲ್ಡೆನಾಫಿಲ್ ಕೊಡುತ್ತಾರೆ. ಮೂತ್ರದ ವೈದ್ಯರು ಒಂದು ಆಸ್ಪತ್ರೆ, ಹೃದಯದ ವೈದ್ಯರು ಇನ್ನೊಂದು ಆಸ್ಪತ್ರೆ, ಎರಡು ಫೈಲು ಒಂದೇ ಮೇಜಿನ ಮೇಲೆ ಬರುವುದೇ ಇಲ್ಲ. ಲೋಕಲ್ ಡಬ್ಬಿಯ ಗೋಡೆಗೆ ಅಂಟಿಸುವ 'ಶಕ್ತಿ ಚೂರ್ಣ'ಗಳ ವಿಷಯ ಇನ್ನೂ ಕಷ್ಟ. ಗಿಡಮೂಲಿಕೆ ಎಂದು ಮಾರುವ ಇಂಥ ಪುಡಿಗಳಲ್ಲಿ ಸಿಲ್ಡೆನಾಫಿಲ್ ಬೆರಸಿದ್ದು ಹಲವು ದೇಶಗಳ ತಪಾಸಣೆಯಲ್ಲಿ ಸಿಕ್ಕಿದೆ. ಎದೆನೋವು ಬಂದು ಆಂಬುಲೆನ್ಸ್ ಹತ್ತಿದಾಗಲಾದರೂ ಇಂಥದ್ದನ್ನು ತೆಗೆದುಕೊಂಡದ್ದು ಯಾವಾಗ ಎಂದು ಹೇಳಲೇಬೇಕು. ಮಗ, ಸೊಸೆ ಎದುರಿಗಿದ್ದಾರೆ ಎಂದು ನಾಚಿದರೆ ನೈಟ್ರೇಟ್ ಕೊಡುವವರಿಗೆ ತಿಳಿಯುವುದು ಹೇಗೆ?

ವಾಟ್ಸ್‌ಆ್ಯಪ್‌ನಲ್ಲಿ ವರ್ಷಕ್ಕೆರಡು ಸಲ ತಿರುಗಿ ಬರುವ ಸಂದೇಶ ಒಂದಿದೆ. ಎಲ್ಲರ ಪರ್ಸಿನಲ್ಲೂ ಒಂದು ಸಾರ್ಬಿಟ್ರೇಟ್ ಇರಲಿ, ಎದೆನೋವು ಎಂದವರ ಬಾಯಿಗೆ ಹಾಕಿ, ಜೀವ ಉಳಿಸಿ ಎಂದು. ಅದು ಬಂದ ಮರುದಿನ ಅಂಗಡಿಗೆ ಹತ್ತು ಜನ ಬರುತ್ತಾರೆ. ನನಗೆ ಈ ಸಂದೇಶ ಒಪ್ಪಿಗೆಯಿಲ್ಲ. ರಕ್ತದೊತ್ತಡ ಆಗಲೇ ಇಳಿದಿರುವವರಿಗೆ, ಮೇಲಿನ ಅಂಕಿ 90ಕ್ಕಿಂತ ಕೆಳಗಿದ್ದರೆ, ಹೃದಯದ ಬಲಭಾಗಕ್ಕೆ ಆಘಾತವಾಗಿದ್ದರೆ, ಮಹಾಪಧಮನಿಯ ಕವಾಟ ತೀರ ಕಿರಿದಾಗಿದ್ದರೆ ಈ ಮಾತ್ರೆ ಕೆಡುಕು ಮಾಡಬಹುದು. ಹೊರಗಿನಿಂದ ನೋಡಿ ಇದನ್ನು ಹೇಳಲಾಗದು. ಅವರವರ ವೈದ್ಯರು ಅವರವರಿಗೆ ಬರೆದ ಮಾತ್ರೆ ಇದು, ಪಕ್ಕದ ಮನೆಯವರಿಗೆ ಹಂಚುವುದಲ್ಲ. ಇನ್ನೊಂದು ತಪ್ಪು ನಂಬಿಕೆ, ಮಾತ್ರೆಗೆ ನೋವು ಬಿಟ್ಟರೆ ಅದು ಹೃದಯದ್ದು, ಬಿಡದಿದ್ದರೆ ಗ್ಯಾಸ್ ಎನ್ನುವುದು. ಅನ್ನನಾಳದ ಸೆಳೆತವೂ ನೈಟ್ರೇಟಿಗೆ ಬಿಡುತ್ತದೆ. ಹೃದಯಾಘಾತದ ನೋವು ಬಿಡದೇ ಇರುತ್ತದೆ. ನಿರ್ಧಾರ ಇ.ಸಿ.ಜಿ.ಗೆ ಬಿಡಬೇಕು.

ಮಾತ್ರೆ ಬರೆಸಿಕೊಂಡವರು ನೋವು ಬಂದಾಗ ಮಾಡಬೇಕಾದ್ದು ಇಷ್ಟು. ಇದ್ದಲ್ಲೇ ಕೂರಬೇಕು, ಒಂದು ಮಾತ್ರೆ ಇಡಬೇಕು, ಗಡಿಯಾರ ನೋಡಬೇಕು. 5 ನಿಮಿಷದಲ್ಲಿ ನೋವು ತಗ್ಗದಿದ್ದರೆ, ಇಲ್ಲವೇ ಹೆಚ್ಚಾದರೆ, 108ಕ್ಕೆ ಫೋನ್ ಮಾಡಬೇಕು. ಕಾಯುವಾಗ ಇನ್ನೊಂದು ಮಾತ್ರೆ ಇಡುವುದೋ ಬೇಡವೋ ಎನ್ನುವುದನ್ನು ವೈದ್ಯರು ಮೊದಲೇ ಬರೆದುಕೊಟ್ಟಿರಬೇಕು. ಸಾಮಾನ್ಯವಾಗಿ 5 ನಿಮಿಷಕ್ಕೊಂದರಂತೆ ಒಟ್ಟು ಮೂರನ್ನು ಮೀರುವುದಿಲ್ಲ. ಸುಮ್ಮನೆ ಕೂತಾಗ ಬರುವ ನೋವು, ಮೊದಲಿಗಿಂತ ಕಡಿಮೆ ಶ್ರಮಕ್ಕೆ ಬರುವ ನೋವು, ದಿನದಿನಕ್ಕೆ ಹೆಚ್ಚುವ ನೋವು, ಇವಕ್ಕೆ ಮಾತ್ರೆ ಹಾಕುತ್ತ ಮನೆಯಲ್ಲಿ ಇರುವುದೇ ಅಪಾಯ.

ಇಡುವ ಜಾಗದ ಬಗ್ಗೆ ಸ್ವಲ್ಪ. ನೈಟ್ರೋಗ್ಲಿಸರಿನ್ ಮಾತ್ರೆ ಗಾಳಿಗೆ ಆರಿಹೋಗುವಂಥದ್ದು, ಪ್ಲಾಸ್ಟಿಕ್ ಕೂಡ ಅದನ್ನು ಹೀರುತ್ತದೆ. ಬಂದ ಗಾಜಿನ ಬಾಟಲಿಯಲ್ಲೇ ಇರಬೇಕು, ಒಳಗೆ ಹತ್ತಿ ತುರುಕಬಾರದು, ವಾರದ ಏಳು ಕೋಣೆಯ ಡಬ್ಬಿಗೆ ಸುರಿಯಬಾರದು. ಮುಚ್ಚಳ ತೆರೆದ ದಿನಾಂಕ ಬರೆದಿಟ್ಟು, 8 ವಾರವಾದರೆ ಹೊಸತು ಕೊಳ್ಳುವುದು ರೂಢಿ. ಸ್ಟ್ರಿಪ್‌ನಲ್ಲಿ ಬರುವ ಸಾರ್ಬಿಟ್ರೇಟ್ ಅಷ್ಟು ಸೂಕ್ಷ್ಮವಲ್ಲ. ಆದರೆ ನಮ್ಮವರು ಅದನ್ನು ಕತ್ತರಿಯಲ್ಲಿ ಎರಡೆರಡಾಗಿ ಕತ್ತರಿಸಿ ಪರ್ಸಿಗೆ ತುರುಕುತ್ತಾರೆ, ತಾರೀಕು ಇದ್ದ ತುದಿ ಕಸದ ಬುಟ್ಟಿಗೆ. ನಾಲ್ಕು ಮಳೆಗಾಲ ಕಂಡ, ಪುಡಿಯಾದ ಮಾತ್ರೆಯನ್ನು ಪರ್ಸಿನಿಂದ ತೆಗೆದು ತೋರಿಸಿದವರಿದ್ದಾರೆ. ದೇವರ ಪ್ರಸಾದದ ಹಾಗೆ ಜೋಪಾನ ಮಾಡಿದ್ದರು!

ಮೇ ತಿಂಗಳು ಬಂತೆಂದರೆ ಅರ್ಧ ಡೊಂಬಿವಲಿ ಮತ್ಸ್ಯಗಂಧ ಹತ್ತುತ್ತದೆ. ಆಗ ಮಾತ್ರೆ ಸೀಟಿನಡಿಯ ಸೂಟ್‌ಕೇಸಿನಲ್ಲಿ ಬೀಗದೊಳಗಿರಬಾರದು, ಕೈಚೀಲದಲ್ಲಿ ಇರಬೇಕು, ಜೊತೆಗಿರುವವರಿಗೆ ಜಾಗ ಗೊತ್ತಿರಬೇಕು. ಊರಿಗೆ ಮುಟ್ಟಿದ ಕೂಡಲೇ ಹಂಡೆಯ ಬಿಸಿನೀರು ಕಾದಿರುತ್ತದೆ. ನೈಟ್ರೇಟ್ ಇಟ್ಟ ಮೇಲೆ ಸುಡುನೀರಿನ ಸ್ನಾನ ಬೇಡ. ಬಿಸಿಗೂ ರಕ್ತನಾಳ ಹಿಗ್ಗುತ್ತದೆ, ಬಚ್ಚಲಿನ ಕಲ್ಲಿನ ಮೇಲೆ ತಲೆತಿರುಗಿ ಬಿದ್ದರೆ ಸೊಂಟ ಮುರಿಯುತ್ತದೆ. ಭೂತಕೋಲದ ರಾತ್ರಿ ನೆಂಟರು ಕೊಡುವ ಒಂದು ಪೆಗ್ಗಿಗೂ ಇದೇ ಮಾತು.

ಇಷ್ಟನ್ನೂ ಕೌಂಟರಿನಲ್ಲಿ ನಿಂತು ಎಲ್ಲರಿಗೂ ಹೇಳಲು ಆಗುವುದಿಲ್ಲ, ಹಿಂದೆ ಕ್ಯೂ ಇರುತ್ತದೆ. ಅದಕ್ಕೆ ನೈಟ್ರೇಟ್ ಒಯ್ಯುವವರಿಗೆ ಒಂದು ಸಣ್ಣ ಚೀಟಿ ಕನ್ನಡದಲ್ಲಿ ಬರೆದು ಕೊಡುತ್ತೇನೆ. ದಿನದ ಮಾತ್ರೆಯ ಹೊತ್ತು, ನಾಲಿಗೆಯಡಿಯ ಮಾತ್ರೆಯ ಲೆಕ್ಕ, ಸೇರಬಾರದ ಔಷಧದ ಹೆಸರು, 108. ಹಿಂದಿನ ವಾರ ಒಬ್ಬ ಅಕ್ಕ ಬಂದು ಇನ್ನೊಂದು ಚೀಟಿ ಕೇಳಿದರು. "ಒಂದು ಅವರ ಪರ್ಸಿನಲ್ಲಿ ಉಂಟು ತಮ್ಮ, ಅಡುಗೆಮನೆ ಗೋಡೆಗೆ ಒಂದು ಬೇಕು. ಮೂರು ಗಂಟೆ ಮಾತ್ರೆ ಕೊಡುದು ನಾನಲ್ವಾ" ಎಂದರು. ಇದನ್ನು ಸ್ವಲ್ಪ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ.